ಸೆರಗಿದ್ದ ಬಾವುಟ

ನಮ್ಮ ಪಕ್ಷದ ಈಗಿನ ಅಧ್ಯಕ್ಷೆಗೆ ಐದು ತಿಂಗಳು. ಹಲ್ಲು ಬಂದಿಲ್ಲ, ಭಾಷಣಕ್ಕೆ ಮಾತ್ರ ಕೊರತೆಯಿಲ್ಲ. ನನ್ನ ಮೊಮ್ಮಗಳು! ಅವಳಿಗೆ ಆ ಪದವಿ ಸಿಕ್ಕಿದ್ದು ಹೇಗೆಂದು ಹೇಳಬೇಕಾದರೆ ಮನೆ ಮುಂದಿನ ಬೇವಿನ ಮರದಿಂದಲೇ ಶುರುಮಾಡಬೇಕು.

ಇಳಕಲ್ಲಿನ ನಮ್ಮ ಓಣಿಯವರೆಲ್ಲ ನೇಕಾರರು. ಮಗ್ಗಕ್ಕೆ ಏರಿಸುವ ಮೊದಲು ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚುತ್ತೇವೆ. ಆ ಕೆಲಸಕ್ಕೆ ಇರುವ ನೆರಳು ಅದೊಂದೇ ಮರದ್ದು. ರಸ್ತೆ ಅಗಲ ಮಾಡಲು ಅದನ್ನು ಕಡಿಯಬೇಕೆಂದು ನಗರಸಭೆಯವರು ಕೆಂಪು ಗುರುತು ಹಾಕಿ ಹೋದಾಗ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಆಗ ರಿಟೈರಾದ ಮಾಸ್ತರರೊಬ್ಬರು ನಮ್ಮ ಕಟ್ಟೆಯ ಮೇಲೆ ಕುಳಿತು ಒಂದು ಪಕ್ಷವನ್ನೇ ಕಟ್ಟಿಬಿಟ್ಟರು. ನಮ್ಮ ಸೀಮೆಯ ಗಿಡ, ನೀರು, ಗುಡ್ಡ ನಮ್ಮ ಕೈಯಲ್ಲೇ ಇರಬೇಕು ಎನ್ನುವುದು ಅವರ ಹಟ. ಮೂರನೇ ಇಯತ್ತೆವರೆಗೆ ಕಲಿತ ಅಕ್ಷರದಲ್ಲಿ ನಾನೂ ಸಹಿ ಹಾಕಿದೆ.

“ಬಾವುಟ ನೀವ ನೇಯ್ದ ಕೊಡ್ರಿ. ಬರೇ ಹಸಿರು ಸಾಕು,” ಎಂದು ಮಾಸ್ತರರು ನನ್ನ ಯಜಮಾನರಿಗೆ ಹೇಳಿದರು.

ಯಜಮಾನರು ಹೂಂ ಎಂದರು. ಆದರೆ ಹುಟ್ಟಿದಾಗಿನಿಂದ ಸೀರೆ ನೇಯ್ದ ಕೈ ಕೇಳಬೇಕಲ್ಲ! ಹಸಿರು ನೂಲಿನ ತುದಿಗೆ ಒಂದೊಂದೇ ಕೆಂಪು ಎಳೆಯ ಕೊಂಡಿ ಹಾಕಿ, ಬಿಳಿ ತೆನೆಗಳ ಕೆಂಪು ಸೆರಗಿನ ಸಮೇತ ಬಾವುಟವನ್ನು ಮಗ್ಗದಿಂದ ಇಳಿಸಿದರು.

ಮಾಸ್ತರರು ತಲೆ ಹಿಡಿದುಕೊಂಡರು. “ಬಾವುಟಕ್ಕ ಸೆರಗೇನ್ರಿ?”

“ಸೆರಗಿಲ್ಲದ ಅರಿವಿ ನಾ ಮಗ್ಗದಿಂದ ಇಳಸಂಗಿಲ್ರಿ ಮಾಸ್ತರ. ಬರಿಮೈ ಕಂಡಂಗ ಆಕ್ಕೈತಿ.”

ಬೇರೆ ನೇಯಲು ಸಮಯವಿರಲಿಲ್ಲ. ಅದನ್ನೇ ಎರಡು ಕೋಲಿಗೆ ಕಟ್ಟಿ ಮೆರವಣಿಗೆ ಹೊರಟೆವು. “ಸೀರಿ ಪಾರ್ಟಿ ಬಂತಲೇ!” ಎಂದು ದೊಡ್ಡ ಪಕ್ಷದವರು ನಕ್ಕರು. ನಗಲಿ. ಸೆರಗು ನೋಡಲು ಹೆಂಗಸರು ಮನೆಯಿಂದ ಹೊರಬಂದರು, ಅಂಚು ಮುಟ್ಟಿ ನೋಡುತ್ತ ನಿಂತವರು ಭಾಷಣವನ್ನೂ ಕೇಳಿದರು. ಊರಿನ ಚುನಾವಣೆಯಲ್ಲಿ ನಾವು ನಿಲ್ಲಿಸಿದ ಹುಡುಗ ಗೆದ್ದು ನಮ್ಮ ವಾರ್ಡು ನಮ್ಮದಾಯಿತು. ಮರ ಕಡಿಯುವ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ.

ಗೆದ್ದ ಮೇಲೆ ಬಾದಾಮಿ, ಹುನಗುಂದ, ಬಾಗಲಕೋಟೆಯವರೂ ಸೇರಿಕೊಂಡರು. ನಡುದಾರಿ ಎಂದು ಅಮೀನಗಡದಲ್ಲಿ ಸಭೆ. ಬಾವುಟದಲ್ಲಿ ಬಾದಾಮಿಯವರಿಗೆ ಗುಡ್ಡ ಬೇಕು, ಬಾಗಲಕೋಟೆಯವರಿಗೆ ಹೊಳೆ ಬೇಕು, ಹುನಗುಂದದವರಿಗೆ ಜೋಳದ ತೆನೆ ಬೇಕು. “ತೆನಿ ಸೆರಗಿನ್ಯಾಗ ಐತೆಲ್ರಿ” ಎಂದರೆ, ಅದು ಇಳಕಲ್ಲಿನ ತೆನೆಯಂತೆ! ಅಲ್ಲಿ ಹಂಚಿದ ಸಿಹಿ ಕರದಂಟು ಚೆನ್ನಾಗಿದೆ ಎನ್ನುವುದೊಂದೇ ಎಲ್ಲರೂ ಒಪ್ಪಿದ ಠರಾವು. ಕಡೆಗೆ ಗೆದ್ದವನು ದೊಡ್ಡ ಪಕ್ಷಕ್ಕೆ ಹಾರಿದ, ಮಾಸ್ತರರು ಮೊಣಕಾಲು ನೋವೆಂದು ಮನೆ ಹಿಡಿದರು, ಬಾವುಟ ನನ್ನ ಟ್ರಂಕಿಗೆ ಬಂತು.

ಈ ವರ್ಷ ಮಗಳು ಹೆರಿಗೆಗೆ ಬಂದಳು. ಮೊಮ್ಮಗಳು ಹುಟ್ಟಿದ ದಿನ ಮಾತು ಬಿಟ್ಟವರ ಮನೆಗೂ ಹೋಗಿ ಕರದಂಟು ಕೊಟ್ಟು ಬಂದೆ. ಈ ರಾಣಿಗೆ ತೊಟ್ಟಿಲು ಸೇರದು. ಟ್ರಂಕಿನಲ್ಲಿದ್ದ ಬಾವುಟವನ್ನು ಬೇವಿನ ಕೊಂಬೆಗೆ ಜೋಳಿಗೆಯಾಗಿ ಕಟ್ಟಿ ಮಲಗಿಸಿದೆ ನೋಡಿ, ಕಣ್ಣು ಮುಚ್ಚಿದಳು.

ಹೋದ ತಿಂಗಳು ಬೆಳಿಗ್ಗೆ ಗರಗಸ ಹಿಡಿದವರ ಜೊತೆ ಎಂಜಿನಿಯರ್ ಸಾಹೇಬರು ಬಂದರು.

“ಅವ್ವಾರ, ಕೂಸಿನ್ನ ತಗೀರಿ. ರಸ್ತೆ ಗಟಾರಕ್ಕ ಈ ಗಿಡ ಕಡೀಬೇಕು.” ಅಷ್ಟರಲ್ಲಿ ಜೋತುಬಿದ್ದ ಸೆರಗು ಅವರ ಕಣ್ಣಿಗೆ ಬಿತ್ತು. “ಇದು ಆ ಸೀರಿ ಪಾರ್ಟಿದಲ್ಲೇನ್ರಿ? ಇನ್ನೂ ಐತೇನು?”

“ಇಲ್ದ ಏನ್ರಿ? ಅಧ್ಯಕ್ಷರು ಒಳಗ ಮಲಗ್ಯಾರ. ಎಬ್ಬಿಸಿದ್ರ ಓಣಿ ಹೆಣಮಕ್ಕಳೆಲ್ಲ ಬರ್ತಾರ. ಮುಂದಿಂದು ನಿಮಗ ಬಿಟ್ಟದ್ದು.”

ಸಾಹೇಬರು ನಗುತ್ತ ಇಣುಕಿದರು. ಅಧ್ಯಕ್ಷೆ ಕಣ್ಣು ಬಿಟ್ಟು ಹೊಸ ಮುಖ ಕಂಡಳು, ಶುರುವಾಯಿತು ಘೋಷಣೆ! ಖರೆಖರೆ ಮನೆಮನೆಯಿಂದ ಹೆಂಗಸರು ಗಂಜಿ ಕೈಯಲ್ಲೇ ಓಡಿಬಂದರು. ಕೂಸಿಗೇನಾಯಿತೋ ಎಂದು ಬಂದವರು ಗರಗಸ ಕಂಡು ಮರದ ಸುತ್ತ ನಿಂತರು. ಒಬ್ಬಳೂ ಕದಲಲಿಲ್ಲ. ಸಾಹೇಬರು ನಕಾಶೆ ಬಿಚ್ಚಿ ನೋಡಿದರು, ಟೇಪು ಹಿಡಿದು ಆಚೆ ಬದಿ ಅಳೆದರು, “ಗಟಾರ ಸ್ವಲ್ಪ ಆಕಡಿ ಸರಸಿದ್ರ ಆಕ್ಕೈತಿ ಬಿಡ್ರಿ” ಎಂದು ಬೆವರು ಒರೆಸಿಕೊಂಡರು.

ಈಗ ಗಟಾರ ಮರಕ್ಕೆ ಸುತ್ತುಹಾಕಿಯೇ ಹೋಗುತ್ತದೆ. ಸುದ್ದಿ ಕೇಳಿ ಮಾಸ್ತರರು ಕುಂಟುತ್ತ ಬಂದರು.

“ಅಕ್ಕಾರ, ಮತ್ತ ಎಬ್ಬಸೋಣೇನ್ರಿ ಪಾರ್ಟಿ?”

“ಎಬ್ಬಸೂದು ಆಮ್ಯಾಲ. ಮೊದಲ ಈ ಅಧ್ಯಕ್ಷರನ್ನ ಮಲಗಸ್ರಿ. ತಾಸಿನಿಂದ ಅಳಾಕತ್ಯಾರ.”

ಮಾಸ್ತರರು ಕಟ್ಟೆಯ ಮೇಲೆ ಕುಳಿತು ಜೋಳಿಗೆ ತೂಗಿದರು. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನಾದಳು.