ಎತ್ತದ ಕೈ

ಗಾಜಿನ ಮೇಲೆ ಕಟ್ಟರ್ ಎಳೆದಾಗ ಕಿರ್ರೆಂದು ಏಳುವ ಸದ್ದಿಗೆ ಬೀದಿಯವರೆಲ್ಲ ಹಲ್ಲು ಕಚ್ಚುತ್ತಿದ್ದರು. ಫ್ರೇಮ್ ಅಂಗಡಿಯ ಫ್ರೇಮಕ್ಕನಿಗೆ ಮಾತ್ರ ಅದು ಜೋಗುಳ. ಗೀಟೆಳೆದು, ಮೇಜಿನಂಚಿಗೆ ಒತ್ತಿ ಟಕ್ಕೆನಿಸಿದರೆ ಗಾಜು ಅವಳ ಮಾತು ಕೇಳುತ್ತಿತ್ತು. ಮದುವೆಯ ಫೋಟೋಗಳು, ತೀರಿಹೋದ ಅಜ್ಜಂದಿರು, ಮಕ್ಕಳ ಪದವಿಪತ್ರಗಳು, ಎಲ್ಲವೂ ಅವಳ ಕೈಯಿಂದಲೇ ಚೌಕಟ್ಟು ಸೇರಿದ್ದವು. ಅವಳೇ ಬರೆದ ಚಿತ್ರಗಳು ಮಾತ್ರ ಹಳೆಯ ದುಪ್ಪಟಿ ಸುತ್ತಿಕೊಂಡು ಮಂಚದ ಕೆಳಗೆ ಮಲಗಿದ್ದವು.

ಪ್ರತಿವರ್ಷ ಒಂದನ್ನು ಕಲಾಭವನದ ಪ್ರದರ್ಶನಕ್ಕೆ ಕಳಿಸುತ್ತಿದ್ದಳು. ತೀರ್ಪುಗಾರರು ಆರಿಸಿದ್ದಷ್ಟೇ ಅಲ್ಲಿ ಗೋಡೆ ಹತ್ತುತ್ತಿತ್ತು. ಅವಳದು ಪ್ರತಿಸಲವೂ ತಿರುಗಿ ಬರುತ್ತಿತ್ತು.

“ಬಂದ್ಲಾ ನಿನ್ ಮಗಳು ತವರಿಗೆ?” ಎಂದು ಗಂಡ ಛೇಡಿಸುತ್ತಿದ್ದ.

“ಬರ್ಲಿ ಬಿಡ್ರೀ. ಮಂಚದ ಕೆಳಗೆ ಜಾಗಕ್ಕೇನು ಬರ?”

ಹಾಗೆ ನಗುವ ತ್ರಾಣ ಅವಳಿಗೆ ಸಿಗುತ್ತಿದ್ದುದು ಮೇಷ್ಟ್ರಿಂದ. ಕುಂಚ ಹಿಡಿಯುವುದನ್ನು ಕಲಿಸಿದವರು ಅವರು. ಈಗ ತೀರ್ಪುಗಾರರಲ್ಲಿ ಒಬ್ಬರು. ಪ್ರತಿವರ್ಷವೂ ಅಂಗಡಿಗೆ ಬಂದು, ಸ್ಟೂಲೆಳೆದು ಕೂತು, ದನಿ ತಗ್ಗಿಸಿ ಹೇಳುತ್ತಿದ್ದರು: “ನಿನಗೋಸ್ಕರ ಜಗಳ ಆಡಿಬಿಟ್ಟೆ ಕಣಮ್ಮ. ಏನ್ ಮಾಡೋದು, ಅವರೆಲ್ಲ ಒಂದು ಕಡೆ, ನಾನೊಬ್ನೇ ಒಂದು ಕಡೆ.” ಆ ಜಗಳವನ್ನು ಅವಳು ಎಷ್ಟೋ ಸಲ ಕಣ್ಣಿಗೆ ಕಟ್ಟಿಕೊಂಡಿದ್ದಳು: ಮೇಷ್ಟ್ರು ಕನ್ನಡಕ ಕಳಚಿ ಮೇಜು ಗುದ್ದುತ್ತಿರುವುದು, ಉಳಿದವರು ಮುಖ ತಿರುಗಿಸುವುದು. ತನ್ನ ಕಡೆ ನಿಲ್ಲುವ ಒಬ್ಬರಿದ್ದಾರೆ ಎಂಬುದೇ ಅವಳನ್ನು ಮತ್ತೆ ಬಣ್ಣದ ಡಬ್ಬಿಯ ಮುಂದೆ ಕೂರಿಸುತ್ತಿತ್ತು.

ಈ ವರ್ಷ ಕಳಿಸಿದ್ದು ಗಂಡನ ಪಾದಗಳ ಚಿತ್ರ. ಪಾಳಿ ಮುಗಿಸಿ ಬಂದು ಮಲಗಿದವನ ಪಾದಗಳು ಹೊದಿಕೆಯಾಚೆ ಚಾಚಿವೆ. ಬೂಟು ಒತ್ತಿದ ಗುರುತು ಇನ್ನೂ ಮಾಸಿಲ್ಲ. ಅಂಥದ್ದೊಂದನ್ನು ಹಿಂದೆಂದೂ ಬರೆದಿರಲಿಲ್ಲವೆಂದು ಅವಳಿಗೇ ಗೊತ್ತಿತ್ತು.

ಅದೂ ತಿರುಗಿ ಬಂತು. ತಂದಿಳಿಸಿದವನು ಕಲಾಭವನದಲ್ಲಿ ಚಿತ್ರ ಹೊರುವಾತ. ತೀರ್ಪಿನ ದಿನ ಒಂದೊಂದನ್ನೇ ಎತ್ತಿ ತೋರಿಸುವವನೂ ಅವನೇ. ಅವಳು ಕೊಟ್ಟ ನೀರು ಕುಡಿದು ಬಾಯೊರೆಸಿಕೊಂಡ.

“ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನನಗಂತೂ ಇದನ್ನ ಕೆಳಗಿಡೋಕೇ ಮನಸ್ಸಾಗ್ಲಿಲ್ಲ. ಯಾರಾದ್ರೂ ಒಬ್ರು ಕೈ ಎತ್ತಿದ್ರೂ ಎರಡನೇ ಸುತ್ತಿಗೆ ಇಟ್ಕೋತಿದ್ರು.”

ಗಾಜಿನ ಮೇಲೆ ಕಟ್ಟರ್ ನಿಂತಿತು. “ಒಬ್ರು ಎತ್ತಿದ್ರೆ ಸಾಕಾ?”

“ಸಾಕು. ಮೊದಲಿಂದ್ಲೂ ಅದೇ ಪದ್ಧತಿ. ಚರ್ಚೆ, ಜಗಳ ಎಲ್ಲ ಆಮೇಲೆ ತಾನೇ? ನಿಮ್ದು ಯಾವ ವರ್ಷಾನೂ ಎರಡನೇ ಸುತ್ತಿಗೇ ಬಂದಿಲ್ವಲ್ಲ. ಈ ಸಲ ನಿಮ್ ಮೇಷ್ಟ್ರು ಎದ್ದು ಹತ್ರ ಬಂದ್ರು, ಬಗ್ಗಿ ನೋಡಿದ್ರು. ಈಗ ಕೈ ಎತ್ತುತ್ತಾರೆ ಅಂದ್ಕೊಂಡೆ. ‘ಮುಂದಿಂದು ತೋರ್ಸಪ್ಪ’ ಅಂದ್ರು.”

ಅವನು ಹೋದ ಮೇಲೆ ಅವಳು ಗಾಜನ್ನು ಅಂಚಿಗೆ ಒತ್ತಿದಳು. ಅದು ಗೀಟು ಬಿಟ್ಟು ಅಡ್ಡಾದಿಡ್ಡಿ ಒಡೆಯಿತು.

ಸಂಜೆ ಮೇಷ್ಟ್ರು ಬಂದರು. ಬಗಲಲ್ಲಿ ಅವರದೇ ಚಿತ್ರ. ಪ್ರದರ್ಶನಕ್ಕೆ ಮುಂಚೆ ಫ್ರೇಮ್ ಆಗಬೇಕಿತ್ತು. ಅದನ್ನು ಮೇಜಿನ ಮೇಲಿಟ್ಟು, ಸ್ಟೂಲೆಳೆದು, ದನಿ ತಗ್ಗಿಸಿದರು.

“ಈ ಸಲವೂ ಬಡಿದಾಡಿಬಿಟ್ಟೆ ಕಣಮ್ಮ.”

“ಕೈ ಎತ್ತಿದ್ರಾ ಮೇಷ್ಟ್ರೇ?”

ಅವರು ಕನ್ನಡಕ ತೆಗೆದರು. ಮೇಜು ಗುದ್ದಲಿಲ್ಲ, ಅಂಗಿಯ ತುದಿಯಿಂದ ಗಾಜು ಒರೆಸತೊಡಗಿದರು.

“ಯಾರು ಹೇಳಿದ್ರು ನಿಂಗೆ... ನೋಡು, ನೀನು ನನ್ನ ಶಿಷ್ಯೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಫ್ರೇಮ್ ಅಂಗಡಿಯವಳಿಗೆ ಕೈ ಎತ್ತಿದ ಅಂತ ಆಡ್ಕೋತಾರೆ. ನನ್ನ ಮರ್ಯಾದೆ ಪ್ರಶ್ನೆ ಅಲ್ವೇನಮ್ಮ?”

“ಚಿತ್ರ ಹೇಗಿತ್ತು?”

“ಚಿತ್ರಕ್ಕೇನು, ಚೆನ್ನಾಗೇ ಇತ್ತು. ಆ ಹಿಮ್ಮಡಿ ಇದೆಯಲ್ಲ, ಹಾಗೆ ಬರೆಯೋಕೆ ನನಗೂ...” ಮೇಷ್ಟ್ರು ಅಲ್ಲಿಗೇ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. “ಮುಂದಿನ ವರ್ಷ ನೋಡೋಣ, ನಾನಿದೀನಲ್ಲ. ಅಂದಹಾಗೆ ಇದಕ್ಕೆ ಯಾವ ಫ್ರೇಮ್ ಪಟ್ಟಿ ಒಪ್ಪುತ್ತೆ? ಚಿನ್ನದ ಬಣ್ಣದ್ದಾ?”

ಅವಳು ಗೋಡೆಗೊರಗಿಸಿದ್ದ ಪಾದಗಳ ಚಿತ್ರವನ್ನು ಎತ್ತಿಕೊಂಡು ಎದೆಗವಚಿ ಅಂಗಡಿಯ ಮೆಟ್ಟಿಲಿಳಿದಳು.

“ಕಪ್ಪೇ ಇರ್ಲಿ ಅಂತೀಯಾ? ಗಾಜು ಬೇಡ, ಬೆಳಕು ಹೊಡೆಯುತ್ತೆ... ಎಲ್ಲಿಗಮ್ಮ? ಏ, ಇದು ನಾಳೆಗೇ ಬೇಕು ಕಣೇ...”