ಹಸಿರಣ್ಣ ಬತ್ತಿಸಿದ ಕೊಳ

ನನ್ನ ಗೆಳೆಯ ತೀರಿಕೊಂಡಾಗ ಅವನನ್ನು ಹೊಗಳಿದವರೆಲ್ಲ ವಾದ್ಯ ಸಂಗ್ರಹಾಲಯದಲ್ಲಿ ಅವನೇ ಕಟ್ಟಿಸಿ ಅವನೇ ಮುಚ್ಚಿಸಿದ ಕೊಳವನ್ನೇ ನೆನೆದರು. ಕೇಳಲು ಅವನಿರಲಿಲ್ಲ, ಪುಣ್ಯ. ಇದ್ದಿದ್ದರೆ ತಲೆ ತಗ್ಗಿಸಿ ಹಿಂಬಾಗಿಲಿನಿಂದ ಎದ್ದುಹೋಗುತ್ತಿದ್ದ.

ಅವನು ಕಟ್ಟಡಗಳ ವಿನ್ಯಾಸಕಾರ. ಕರೆಂಟು ನುಂಗುವ ಯಂತ್ರಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಮನೆಯಲ್ಲಿ ನಾನೊಮ್ಮೆ ಫ್ಯಾನಿನ ಕಡೆ ಕಣ್ಣು ಹಾಯಿಸಿದ್ದಕ್ಕೆ, "ಕಿಟಕಿ ಹತ್ರ ಬಾರೋ, ಗಾಳಿಗೆ ಬಿಲ್ ಬರಲ್ಲ" ಎಂದಿದ್ದ. ಗಾರೆ ಕೆಲಸದವರು ಅವನಿಗೆ ಹಸಿರಣ್ಣ ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಇಷ್ಟವಾಗಿತ್ತು.

ಸಂಗ್ರಹಾಲಯಕ್ಕೆ ಅವನು ಕೊಟ್ಟದ್ದು ದಪ್ಪ ಮಣ್ಣಿನ ಗೋಡೆ, ಎತ್ತರದ ಗವಾಕ್ಷಿ, ನಡು ಅಂಗಳದಲ್ಲಿ ಕೊಳ. ಬಿಸಿಗಾಳಿ ನೀರಿನ ಮೇಲೆ ಹಾದು ತಣ್ಣಗಾಗಿ ಒಳಗೆ ಬರುತ್ತಿತ್ತು. ಎಸಿ ಬೇಕಿರಲಿಲ್ಲ. ಒಳಗೆ ಕಾಲಿಟ್ಟವರು "ಅಬ್ಬಾ!" ಎಂದು ಸುಮ್ಮನೆ ನಿಂತುಬಿಡುತ್ತಿದ್ದರು. ಟಿಕೆಟಿನ ಮೇಲೂ ಆ ಕೊಳದ ಚಿತ್ರವೇ.

ಒಳಗಿನ ವಾದ್ಯಗಳನ್ನು ಕಾಪಾಡುವ ಕೆಲಸ ಅವನ ಅತ್ತಿಗೆಯದು. ಹಳೆಯ ಚರ್ಮ, ಹಳೆಯ ಮರ, ಇವೇ ಅವರ ಓದು. ಒಂದು ದಿನ ನನ್ನೆದುರೇ ಹೇಳಿದರು:

"ಮೈದುನಪ್ಪಾ, ನಿನ್ನ ಕೊಳದಿಂದ ನನ್ನ ಡೋಲುಗಳಿಗೆ ನೆಗಡಿ ಹಿಡಿದಿದೆ. ತಟ್ಟಿದ್ರೆ ಬರೀ ಗೊರಗೊರ."

"ನಿಮ್ಮ ಕೈ ನೋಡಿ ಹೆದರಿರಬೇಕು, ಅತ್ತಿಗೆ."

ಇಬ್ಬರೂ ನಕ್ಕರು. ಆದರೆ ಅತ್ತಿಗೆ ಬಿಡಲಿಲ್ಲ; ಕೊಳ ಬತ್ತಿಸಬೇಕೆಂದು ಸಮಿತಿಯ ಸಭೆಯಲ್ಲಿ ಕೇಳಿದರು. ಅವನು ಎಲ್ಲರೆದುರು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ. ಸಭೆ ಗೊಳ್ಳೆಂದಿತು. ಅತ್ತಿಗೆ ತಮ್ಮ ಬೇಡಿಕೆಯನ್ನು ಅಲ್ಲಿಗೇ ಕೈಬಿಟ್ಟರು.

ಮಳೆಗಾಲದಲ್ಲಿ ಎಲ್ಲಕ್ಕಿಂತ ಹಳೆಯ ಡೋಲಿನ ಚರ್ಮ ಬೂಷ್ಟು ಹಿಡಿದು ಹರಿಯಿತು. ಅತ್ತಿಗೆಯದೇ ತಪ್ಪೆಂದು ತೋರಿಸಲು ಅವನು ತೇವ ಅಳೆಯುವ ಮಾಪಕ ಹಿಡಿದು ಹೋದ. ಕೊಳದ ಕಡೆಯ ಕಿಟಕಿ ತೆರೆದರೆ ಮುಳ್ಳು ಏರುತ್ತಿತ್ತು, ಮುಚ್ಚಿದರೆ ನಿಧಾನವಾಗಿ ಇಳಿಯುತ್ತಿತ್ತು. ಮತ್ತೆ ಮತ್ತೆ ನೋಡಿದ. ಸಂಜೆ ನನ್ನ ಮನೆಗೆ ಬಂದು ಕಾಫಿ ಲೋಟ ಮುಟ್ಟದೆ ಕೂತ.

"ಮನುಷ್ಯರ ಮೈಗೆ ಹಿತವಾಗೋ ತಂಪನ್ನಷ್ಟೇ ಲೆಕ್ಕ ಹಾಕಿದ್ದೆ ಕಣೋ. ಆ ಮನೆ ಕಟ್ಟಿದ್ದು ಡೋಲುಗಳಿಗೆ. ನೋಡೋಕೆ ಬರೋರಿಗಾಗಿ ಮನೆಯವರನ್ನೇ ಮರೆತೆ."

ಮುಂದಿನ ಸಭೆಯಲ್ಲಿ ಅವನೇ ಎದ್ದು ನಿಂತ. ತಪ್ಪು ನನ್ನದು, ಕೊಳ ಮುಚ್ಚಿಸಿ ಎಂದ.

"ಟಿಕೆಟ್ ಮೇಲಿದೆಯಲ್ರೀ ಅದು!" ಎಂದರು ಅಧ್ಯಕ್ಷರು.

"ಟಿಕೆಟ್ ಬೇರೆ ಅಚ್ಚು ಹಾಕಿಸ್ಬಹುದು ಸಾರ್. ಆ ಚರ್ಮವನ್ನ ಆಗಲ್ಲ."

ಪಕ್ಕದಲ್ಲಿದ್ದ ಅತ್ತಿಗೆ ಮೆಲ್ಲಗೆ, "ಈಗ ನೆಲ ನೆಟ್ಟಗಾಯ್ತಾ?" ಎಂದರಂತೆ. ಅವರದು ತಮಾಷೆ. ಅವನಿಗೆ ಮುಖ ಎತ್ತಲಾಗಲಿಲ್ಲ.

ಕೊಳಕ್ಕೆ ಮಣ್ಣು ತುಂಬಿ ನೆರಳಿನ ಮರ ನೆಟ್ಟರು. ಡೋಲುಗಳ ಕೋಣೆಗೆ ತೇವ ಹೀರುವ ಯಂತ್ರ ಬಂತು. ಬಿಸಿಲಿನಿಂದ ನಡೆಯುವಂಥದ್ದನ್ನು ಅವನೇ ಹುಡುಕಿ ತಂದ. ಆದರೂ ಅದರ ಸದ್ದು ಕೇಳಿದರೆ ಅವನ ಕಿವಿ ಕೆಂಪಾಗುತ್ತಿತ್ತು. ಹರಿದ ಚರ್ಮವನ್ನು ಗಾಜಿನೊಳಗಿಡಿಸಿ, ಕೆಳಗೆ ತನ್ನ ಕೈಯಾರೆ ಒಂದು ಚೀಟಿ ಬರೆದಿಟ್ಟ: "ಇದು ಹಾಳಾದದ್ದು ಈ ಕಟ್ಟಡದ ವಿನ್ಯಾಸಕಾರನ ತಪ್ಪಿನಿಂದ." ಅತ್ತಿಗೆ ಎಷ್ಟು ಹೇಳಿದರೂ ಅದನ್ನು ತೆಗೆಯಲಿಲ್ಲ. ಹಸಿರಣ್ಣ ಎಂದು ಯಾರಾದರೂ ಕರೆದರೆ ಓಗೊಡುವುದನ್ನು ನಿಲ್ಲಿಸಿದ. ಅತ್ತಿಗೆಯನ್ನು ಛೇಡಿಸುವುದನ್ನೂ ಬಿಟ್ಟ. ಬಾಯಿ ತೆರೆದರೆ "ಹೂಂ ಅತ್ತಿಗೆ", "ಆಯ್ತು ಅತ್ತಿಗೆ", ಅಷ್ಟೇ. "ಚರ್ಮ ಹೋದದ್ದಕ್ಕಿಂತ ಇದೇ ಹೆಚ್ಚು ಸಂಕಟ" ಎಂದು ಅವರು ನನ್ನ ಹತ್ತಿರ ಹೇಳಿಕೊಂಡಿದ್ದರು. ಅವನು ಸಾಯುವವರೆಗೂ ಹಾಗೆಯೇ ಉಳಿದ.

ಮೊನ್ನೆ ಅತ್ತಿಗೆಯೂ ನಾನೂ ಆ ಗಾಜಿನ ಮುಂದೆ ನಿಂತಿದ್ದೆವು.

"ಇನ್ನಾದರೂ ತೆಗೀತೀರಾ?" ಎಂದೆ.

"ಅವನ ಅಕ್ಷರ ಕಣಪ್ಪ. ಹೇಗೆ ತೆಗೀಲಿ?"

ಬೀಗ ತೆರೆದು, ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದರು: "ಕೊಳಕ್ಕೆ ನೀರು ಬಿಟ್ಟ ದಿನ ಮೊದಲು ಕಾಲು ಇಳಿಬಿಟ್ಟು ಕೂತವಳು ನಾನು." ಸೆರಗಿನಿಂದ ಗಾಜು ಒರೆಸುತ್ತ ಅವನಿಗೇ ಎಂಬಂತೆ ಹೇಳಿದರು: "ತಪ್ಪೆಲ್ಲಾ ನಿಂದೇ ಅಂತ ಬರ್ಕೊಂಡ್ಯಲ್ಲೋ, ಆಸೆಬುರುಕ."