ನಿಖಾತ್ ಕಟ್ಟಿದ ಗೂಡಿನ ಹಾರ

ರಾಮನಗರದ ನಿಖಾತ್‌ಗೆ ಏನೇ ಕಂಡರೂ ಅದರ ಒಳಗೇನಿದೆ ಎಂದು ನೋಡುವ ಚಟ. ಚಿಕ್ಕವಳಿದ್ದಾಗ ಅಪ್ಪನ ಗಡಿಯಾರ ಬಿಚ್ಚಿ ಏಟು ತಿಂದಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಮಿಕ್ಸಿ ಬಿಚ್ಚಿ ಬೈಸಿಕೊಂಡಳು. ಬಿಚ್ಚಿದ್ದನ್ನು ಮತ್ತೆ ಜೋಡಿಸಿಯೇ ಕೊಡುತ್ತಿದ್ದಳು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಮಿಕ್ಸಿ ಈಗಲೂ ಓಡುತ್ತಿದೆ.

ಗಂಡ ಶುಕೂರ್‌ದು ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಅವನ ಅಪ್ಪನೂ ಅದನ್ನೇ ಮಾಡಿದ್ದ. ಬಿಸಿನೀರಿನ ಬೇಸಿನ್‌ಗಳ ಮುಂದೆ ಕೂತು ನೂಲು ಎತ್ತಲು ಪಕ್ಕದ ಬೀದಿಯ ಕಾವೇರಮ್ಮ ಬರುತ್ತಿದ್ದಳು. ಮನೆಯೊಳಗೆ ಉರ್ದು, ಶೆಡ್ಡಿನಲ್ಲಿ ಕನ್ನಡ.

ಹಾರದ ಯೋಚನೆ ಹುಟ್ಟಿದ್ದು ಯಾರದೋ ನಿವೃತ್ತಿ ಸಮಾರಂಭದಲ್ಲಿ. ನಿಖಾತ್ ಹಿಂದಿನ ಸಾಲಿನಲ್ಲಿ ಕೂತು ಒಂದು ವಿಚಿತ್ರ ಗಮನಿಸಿದಳು. ಕರೆದು, ಶಾಲು ಹೊದಿಸಿ, ಪೇಟ ತೊಡಿಸಿ, ಭರ್ಜರಿ ಹಾರ ಹಾಕುತ್ತಾರೆ. ಹಾಕಿಸಿಕೊಂಡವರು ಫೋಟೊಗೆ ಒಮ್ಮೆ ನಕ್ಕು, ಅದು ಸುಡುತ್ತಿದೆಯೇನೋ ಎಂಬಂತೆ ತಕ್ಷಣ ತೆಗೆದು ಮೇಜಿನ ಮೇಲಿಡುತ್ತಾರೆ. ಹಾಗೆ ತೆಗೆಯುವುದೇ ದೊಡ್ಡಸ್ತಿಕೆ. ಹೊರಗೆ ಬಂದರೆ ಆ ಹಾರಗಳನ್ನೆಲ್ಲ ಮೇಕೆಯೊಂದು ನೆಮ್ಮದಿಯಾಗಿ ಮೇಯುತ್ತಿತ್ತು. ಇಷ್ಟು ಖರ್ಚು, ಇಷ್ಟು ಮರ್ಯಾದೆ, ಕೊನೆಗೆ ಮೇಕೆಯ ಪಾಲು! ಮನೆಗೆ ಒಯ್ದು ಗೋಡೆಗೆ ತೂಗುಹಾಕುವಂಥ ಹಾರವನ್ನು ಯಾಕೆ ಯಾರೂ ಮಾಡಬಾರದು ಎಂಬುದು ಅವಳ ತಲೆಗೆ ಹತ್ತಿತು.

ಕೈಗೆ ಸಿಗುತ್ತಿದ್ದುದು ಗೂಡು. ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಕೊಂಡು, ನೂಲಿಗೆ ಬಾರದ ಗೂಡುಗಳನ್ನು ಕತ್ತರಿಸಿ ಒಳಗಿನ ಹುಳು ತೆಗೆದು, ಎಸಳು ಮಾಡಿ ಪೋಣಿಸತೊಡಗಿದಳು. ಹತ್ತಿರದವರು ಕೊಂಡರು. ಕನಕಪುರದಲ್ಲಿ ಶಾಲು, ಪೇಟಗಳ ಅಂಗಡಿ ಇಟ್ಟಿದ್ದ ಮನೋಹರ್ ಕೂಡ ಬಂದು ಒಂದನ್ನು ಎತ್ತಿ ತಿರುಗಿಸಿ ನೋಡಿದ.

“ಚೆನ್ನಾಗೈತೆ ಅಕ್ಕಾ. ಆದ್ರೆ ಇದು ಗೂಡು ಅಂತ ನಾನೇ ಬಾಯ್ಬಿಟ್ಟು ಹೇಳ್ಬೇಕು. ಗೂಡು ಗೂಡಾಗೇ ಕಾಣೋ ಹಂಗೆ ಇಡೀದೇ ಪೋಣಿಸ್ಕೊಡಿ. ಹಾಲಿನ ಸಂಘದ ಸನ್ಮಾನ ಐತೆ, ಪೂರ್ತಿ ನಿಮ್ದೇ ತಕ್ಕೊತೀನಿ. ಮೆಚ್ಚಿದ್ರೆ ಆಮೇಲೆ ನನ್ನಂಗ್ಡೀಲಿ ಬೇರೆ ಹಾರಾನೇ ಇಲ್ಲ.”

ಈ ಮಾತು ಬಂದದ್ದು ತಕ್ಕ ಸಮಯಕ್ಕೆ. ಶುಕೂರ್ ಹೊಸ ಬೇಸಿನ್‌ಗಳಿಗೆ ಹೇಳಿಟ್ಟಿದ್ದ. ಅವನ್ನು ಕೂರಿಸಲು ಕಣ್ಣಿಟ್ಟಿದ್ದೂ ಅದೇ ಮೂಲೆಯ ಮೇಲೆ.

“ಬೇಸಿನ್ ಬರೋವರ್ಗೂ ಕೂತ್ಕೊ ನಿಖಾತ್,” ಅಂದಿದ್ದ. “ಅಷ್ಟ್ರೊಳ್ಗೆ ಒಬ್ಬ ಗಟ್ಟಿ ಗಿರಾಕಿ ಸಿಕ್ರೆ ಸರಿ. ಇಲ್ದಿದ್ರೆ ಮೇಜು ಎತ್ಬೇಕಾಯ್ತದೆ.”

ಅದರಲ್ಲಿ ಕೋಪವಿರಲಿಲ್ಲ, ಲೆಕ್ಕಾಚಾರವಿತ್ತು. ಅದಕ್ಕೇ ನಿಖಾತ್‌ಗೆ ಹೆಚ್ಚು ಭಯವಾಯಿತು. ಮೇಜು ಹೋದರೆ ಹಾರವೂ ಹೋದಂತೆ. ಮನೆಯೊಳಗೆ ಅದನ್ನು ಹರಡಿಕೊಳ್ಳುವಷ್ಟು ಜಾಗ ಎಲ್ಲಿತ್ತು?

ಶೆಡ್ಡಿನಲ್ಲಿ ದಾಸ್ತಾನಿಗೆಂದು ಬಿಸಿಗಾಳಿಯಲ್ಲಿ ಒಣಗಿಸಿದ ಗೂಡುಗಳೂ ಇದ್ದವು. ನೋಡಲು ತುಸು ಮಂಕು. ಅಲುಗಿಸಿದರೆ ಒಳಗೆ ಗಡಗಡ ಅನ್ನುತ್ತಿದ್ದವು. ಒಣಗಿಸುವುದು ಗೂಡು ಕೊಳೆಯದಿರಲಿ ಎಂದು ಮಾತ್ರ, ಅಷ್ಟೇ ಅವಳು ತಿಳಿದದ್ದು. ಹೇಗೂ ಕೆಲವೇ ದಿನಗಳಲ್ಲಿ ಹೋಗುವ ಮಾಲು ಎಂದುಕೊಂಡು, ಮಾರುಕಟ್ಟೆಯಿಂದ ಆಗಷ್ಟೇ ಬಂದ ಹೊಸ ಗೂಡಿನಲ್ಲಿ ಬೆಳ್ಳಗೆ ಹೊಳೆಯುವುದನ್ನೇ ಆರಿಸಿಕೊಂಡಳು. ಗಂಡನಿಗೆ ಹೇಳಲಿಲ್ಲ. ಸೂಜಿ ಒಳಗಿನ ಹುಳುವಿಗೆ ತಗುಲಿದರೆ ಕಂದು ಕಲೆಯಾಗುತ್ತದೆಂದು, ಮೇಲಿನ ಪೊರೆಯಲ್ಲಷ್ಟೇ ದಾರ ಹಾಯಿಸಿದಳು. ಕಾವೇರಮ್ಮನಿಗೂ ಹಾಗೆಯೇ ಕಲಿಸಿದಳು. ಒಂದು ಹುಳುವಿಗೂ ನೋವಾಗದಂತೆ ಅಷ್ಟೂ ಹಾರ ಕಟ್ಟಿ, ರಟ್ಟಿನ ಡಬ್ಬಗಳಲ್ಲಿ ಮುಚ್ಚಿ ಕನಕಪುರಕ್ಕೆ ಕಳಿಸಿದರು.

ಗೂಡಿನಿಂದ ಚಿಟ್ಟೆ ಬರುವುದು ನಿಖಾತ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊಟ್ಟೆ, ಹುಳು, ಗೂಡು, ಚಿಟ್ಟೆ ಎಂದು ಶಾಲೆಯಲ್ಲಿ ಚಿತ್ರ ಬರೆದಿದ್ದಳು. ಆದರೆ ಅದು ಪುಸ್ತಕದ ಗೂಡು. ಅವಳ ಮನೆಯಲ್ಲಿ ಗೂಡು ಅಂದರೆ ಬಿಸಿನೀರು, ಆಮೇಲೆ ನೂಲು. ಅಲ್ಲಿಗೆ ಅದರ ಕಥೆ ಮುಗಿಯುತ್ತಿತ್ತು. ಏಷ್ಯಾದಲ್ಲೇ ದೊಡ್ಡ ಮಾರುಕಟ್ಟೆ ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಊರಿನಲ್ಲಿ ಹುಟ್ಟಿ ಬೆಳೆದು, ಒಂದೇ ಒಂದು ರೇಷ್ಮೆ ಚಿಟ್ಟೆಯನ್ನು ಅವಳು ಕಣ್ಣಾರೆ ಕಂಡಿರಲಿಲ್ಲ.

ಸನ್ಮಾನದ ಬೆಳಗ್ಗೆ ಡಬ್ಬ ತೆರೆದಾಗ ಎಲ್ಲ ಸರಿಯಾಗಿಯೇ ಇತ್ತಂತೆ. ಕತ್ತಲಲ್ಲಿದ್ದ ಗೂಡುಗಳಿಗೆ ಬೆಳಕು ಬಿದ್ದದ್ದೇ ತಡ, ಒಳಗಿದ್ದವು ಎಚ್ಚೆತ್ತವು. ಸಂಘದ ಅಧ್ಯಕ್ಷರು ಹಾರ ಹಾಕಿಸಿಕೊಂಡು ಭಾಷಣಕ್ಕೆ ನಿಂತಿದ್ದರು. ಎಂದಿಲ್ಲದ ಹಾರವೆಂದು ಅವತ್ತು ಕೊರಳಿಂದ ತೆಗೆದೂ ಇರಲಿಲ್ಲ, ಪಾಪ. ಎದೆಯ ಮೇಲೊಂದು ಗೂಡು ಒದ್ದೆಯಾಯಿತು, ಮೆಲ್ಲಗೆ ಒಂದು ತಲೆ ಹೊರಬಂತು. ನೋಡನೋಡುತ್ತಲೇ ಇನ್ನೊಂದು, ಮತ್ತೊಂದು. ಬಿಳಿ ಅಂಗಿಯ ಮೇಲೆ ಕಂದು ನೀರಿನ ಕಲೆ. ಒಂದು ಚಿಟ್ಟೆ ತೆವಳಿಕೊಂಡು ಹೋಗಿ ಅವರ ಮೀಸೆಯ ಮೇಲೇ ಕೂತಿತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು.

ಮಧ್ಯಾಹ್ನ ಮನೋಹರ್ ಶೆಡ್ಡಿಗೇ ಬಂದ. ತಂದಿದ್ದ ಚೀಲವನ್ನು ಮೇಜಿನ ಮೇಲೆ ಸುರಿದ.

“ನೋಡಿ ಶುಕೂರಣ್ಣ, ನೋಡಿ! ನನ್ ಮಾನ ಮೂರು ಕಾಸಿಗೆ ಹೋಯ್ತು. ಎಂಥಾ ಗೂಡು ಕೊಟ್ರಿ ನೀವು?”

ಶುಕೂರ್ ಒಂದು ಗೂಡು ಎತ್ತಿಕೊಂಡ. ಬೆರಳಲ್ಲಿ ಒತ್ತಿದ ಕೂಡಲೇ, ಬಿಸಿಗಾಳಿಗೆ ಹಾಕಿ ಹುಳು ಸಾಯಿಸದ ಹಸಿ ಗೂಡು ಇದು ಎಂದು ಅವನಿಗೆ ಅರ್ಥವಾಯಿತು. ಹೆಂಡತಿಯ ಮುಖ ನೋಡಿದ. ಅದು ಬಿಳಿಚಿಕೊಂಡಿತ್ತು.

“ಗೂಡು ನನ್ದು ಮನೋಹರ್. ತಪ್ಪೂ ನನ್ದೇ ಅಂದ್ಕೊ,” ಅಂದ.

“ಅವ್ರದ್ದಲ್ಲ ಅಣ್ಣಾ,” ನಿಖಾತ್ ಅಡ್ಡಬಂದಳು. “ಒಣಗ್ಸಿದ್ದು ಇತ್ತು. ಬೆಳ್ಳಗೈತೆ ಅಂತ ಹಸಿ ಗೂಡು ಎತ್ಕೊಂಡೋಳು ನಾನು. ಇವ್ರಿಗೆ ಗೊತ್ತೇ ಇರ್ಲಿಲ್ಲ.”

ಮನೋಹರ್‌ಗೆ ಬೈಯಲು ಇನ್ನೂ ಬಹಳ ಇತ್ತು. ಆದರೆ ಅಷ್ಟರಲ್ಲಿ ಕಾವೇರಮ್ಮ, “ಅಯ್ಯಯ್ಯೋ, ಇಲ್ನೋಡ್ರವ್ವಾ!” ಎಂದು ಕೂಗಿದಳು. ಮೇಜಿನ ಮೇಲೆ ಒಂದು ಗೂಡಿನ ತುದಿ ಒದ್ದೆಯಾಗುತ್ತಿತ್ತು.

ನಾಲ್ವರೂ ಬಗ್ಗಿದರು. ಎಳೆಗಳು ಸರಿದವು. ಮುದುಡಿದ, ನೆನೆದ ಒಂದು ಜೀವ ಹೆಣಗಾಡಿ ಹೊರಬಂದು, ತನ್ನ ಗೂಡನ್ನೇ ಹಿಡಿದು ನಿಂತಿತು. ರೆಕ್ಕೆಗಳು ಮೆಲ್ಲಗೆ ಅಗಲವಾದವು. ಪಟಪಟ ಬಡಿಯಿತೇ ಹೊರತು ಹಾರಲಿಲ್ಲ. ಅದಕ್ಕೆ ಹಾರಲು ಬರುವುದೇ ಇಲ್ಲ ಎಂದು ಯಾರಿಗೂ ತಿಳಿದಿರಲಿಲ್ಲ. ಬಿಸಿನೀರಲ್ಲಿ ಕೈ ಸವೆಸಿದ ಕಾವೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶುಕೂರ್ ಇನ್ನೂ ಹತ್ತಿರಕ್ಕೆ ಬಗ್ಗಿದ. ಅಷ್ಟು ಕೋಪದಲ್ಲಿ ಬಂದ ಮನೋಹರ್ ಫೋನು ತೆಗೆದು ವಿಡಿಯೊ ಮಾಡಿಕೊಂಡ.

ನಿಖಾತ್‌ಳ ಕಣ್ಣು ಮಾತ್ರ ಚಿಟ್ಟೆಯನ್ನು ಬಿಟ್ಟು, ಅದು ಹೊರಬಂದ ಗೂಡಿನ ಕಡೆಗೆ ಹೊರಳಿತು. ಚಿಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲೆ ಸರಿಸಿ, ಗೂಡನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗೇನೂ ಇಲ್ಲ. ಬರೀ ಹಗುರ. ತುದಿಯಲ್ಲಿ ದಾರ ಹೋಗುವಷ್ಟು ತೂತು.

“ಖಾಲಿ ಗೂಡಿಂದು ಕಟ್ಟಿದ್ರೆ ತಕ್ಕೊತೀರಾ ಅಣ್ಣಾ?”

“ಸದ್ಯಕ್ಕೆ ನನ್ ಮುಂದೆ ಹಾರದ ಮಾತೇ ಎತ್ಬೇಡಿ ಅಕ್ಕಾ,” ಎಂದು ಮನೋಹರ್ ಹೊರಟುಹೋದ.

ಆದರೆ ಪ್ರಶ್ನೆ ಹುಟ್ಟಿದ ಮೇಲೆ ನಿಖಾತ್ ಕೂರುವವಳಲ್ಲ. ಚಿಟ್ಟೆ ಬಿಟ್ಟುಹೋದ ಗೂಡು ಎಲ್ಲಿ ಸಿಗುತ್ತದೆ ಎಂದು ಸಿಕ್ಕವರನ್ನೆಲ್ಲ ಕೇಳಿದಳು. ಮಾಗಡಿ ಕಡೆ ಮೊಟ್ಟೆಗೆಂದು ಚಿಟ್ಟೆಗಳನ್ನು ಬಿಡಿಸುವವರಿದ್ದಾರೆ, ತೂತಾದ ಗೂಡನ್ನು ನೂಲಿಗೆ ಬಾರದ್ದೆಂದು ಮೂಟೆ ಕಟ್ಟಿ ಮಾರುತ್ತಾರೆ ಎಂದು ಗೊತ್ತಾಯಿತು. ಬಸ್ಸು ಹತ್ತಿ ಹೋಗಿ ಒಂದು ಮೂಟೆ ತಂದಳು. ತೊಳೆದು, ನೆರಳಲ್ಲಿ ಒಣಗಿಸಿ ಒಂದು ಹಾರ ಕಟ್ಟಿದಳು.

ಮುಂದೆ ಎಷ್ಟೋ ದಿನದ ಮೇಲೆ ಮನೋಹರ್ ಬಂದ. ಹಾರವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಂಡ. ಇವತ್ತಿಗೂ ಅಲ್ಲಾಡಿಸದೆ ಒಂದನ್ನೂ ಕೊಳ್ಳುವುದಿಲ್ಲ. ನಿಖಾತ್‌ಗೆ ಬೇಜಾರೂ ಇಲ್ಲ. ಈಗ ಕಾವೇರಮ್ಮ ಅವಳ ಪಾಲುದಾರಳು. ಬಿಡದಿಯ ಕಾರ್ಖಾನೆಗಳಿಂದಲೂ ಬೇಡಿಕೆ ಬರುತ್ತದೆ. ಆದರೂ ವ್ಯಾಪಾರ ಶುರುವಾದದ್ದು ಯಾವಾಗ ಎಂದು ಕೇಳಿದರೆ, ನಿಖಾತ್ ಹೇಳುವುದು ಬೇಸಿನ್ ಬಂದ ದಿನ ಎಂದೇ.

ಅವತ್ತು ಅವಳ ಬಳಿ ಇದ್ದದ್ದು ಆ ಒಂದೇ ಹಾರ. ಗಿರಾಕಿ ಒಬ್ಬನೂ ಇಲ್ಲ. ಮನೋಹರ್ ಫೋನೇ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ಟೆಂಪೊ ನಿಂತಿತು. ಬೇಸಿನ್ ಕೂರಿಸುವವನು ಒಳಗೆ ಬಂದು ಟೇಪು ಹಿಡಿದು ಮೂಲೆಯನ್ನು ಅಳೆಯತೊಡಗಿದ. ನಿಖಾತ್ ಗೂಡುಗಳನ್ನು ಬುಟ್ಟಿಗೆ ತುಂಬಿದಳು. ಕಾವೇರಮ್ಮ ಮೇಜಿನ ಆ ಬದಿ ಹಿಡಿದಳು, ಇವಳು ಈ ಬದಿ.

“ಮೇಜು ಕೆಳಗಿಡ್ರಿ,” ಅಂದ ಶುಕೂರ್. ಆಮೇಲೆ ಕೂರಿಸುವವನ ಕಡೆ ತಿರುಗಿ, “ಆಚೆ ಜಗುಲಿ ಮೇಲೆ ಕೂರ್ಸಪ್ಪ. ಮೇಲೆ ಶೀಟು ಹಾಕುಸ್ಕೊತೀನಿ.”

“ಗಿರಾಕಿ ಸಿಕ್ಕಿಲ್ವಲ್ಲ,” ಅಂದಳು ನಿಖಾತ್. ಮಾತು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಶುಕೂರ್ ಬುಟ್ಟಿ ಎತ್ತಿ ಮತ್ತೆ ಮೇಜಿನ ಮೇಲೆ ಇಟ್ಟ.

“ಗಿರಾಕಿ ಬರೋದು ನನ್ ಕೈಲಿಲ್ಲ ನಿಖಾತ್. ಜಾಗ ನನ್ ಕೈಲೈತೆ.”